ಬೆಣ್ಣೆಯ ಉಗುರಿನ ನೀಲಿ

ನಮ್ಮ ಬೀದಿಯಲ್ಲಿ ಯಾರ ಮನೆಯ ಮಗುವಿಗೆ ಮೈ ಹುಷಾರಿಲ್ಲದಿದ್ದರೂ ಡಾಕ್ಟರಿಗಿಂತ ಮೊದಲು ಬಂದು ಕೂರುವವರು ಅಕ್ಕಪಕ್ಕದ ಹೆಂಗಸರು. ಒಬ್ಬಳು ಹಲ್ಲು ಬರುತ್ತಿದೆ ಅನ್ನುತ್ತಾಳೆ, ಇನ್ನೊಬ್ಬಳು ಹೊಟ್ಟೆಯಲ್ಲಿ ಗಾಳಿ ಅನ್ನುತ್ತಾಳೆ. ಎಲ್ಲರ ಮಾತೂ ಮುಗಿದ ಮೇಲೆ ನಾನು ಬಾಯಿ ತೆರೆಯುತ್ತಿದ್ದೆ. ಬಣ್ಣದ ಮನೆ ಅಜ್ಜಿ ಹೇಳಿದಳು ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ನನಗೆ ಆ ಹೆಮ್ಮೆ ಬೇಕಾದಷ್ಟಿತ್ತು. ಅದಕ್ಕೆ ಬೆಲೆ ತೆರುತ್ತಿರುವವಳು ಮಾತ್ರ ನಾನಲ್ಲ, ನನ್ನ ಮೊಮ್ಮಗಳು. ಇದನ್ನು ಕಥೆ ಅಂತ ಬೇಕಾದರೂ ಕೇಳಿ, ಒಬ್ಬ ಮುದುಕಿಯ ತಪ್ಪೊಪ್ಪಿಗೆ ಅಂತ ಬೇಕಾದರೂ ಕೇಳಿ.

ನಮ್ಮದು ನೂಲಿಗೆ ನೀಲಿ ಬಣ್ಣ ಹಾಕುವ ಮನೆ. ಹಿತ್ತಲಲ್ಲಿ ನೆಲದೊಳಗೆ ಹೂತ ಮೂರು ತೊಟ್ಟಿ, ಅವುಗಳ ಮೇಲೆ ಮರದ ಮುಚ್ಚಳ, ನೂಲು ಒಣಗಿಸುವುದಕ್ಕೆ ಉದ್ದುದ್ದ ಗಳಗಳು. ನೀಲಿ ತೊಟ್ಟಿ ಅಂದರೆ ನೀರಿಗೆ ಪುಡಿ ಕಲಸಿದ ಹಾಗಲ್ಲ. ಅದು ಹುದುಗಬೇಕು, ನೊರೆ ಏಳಬೇಕು, ಬೆಚ್ಚಗಿರಬೇಕು. ಬೆಳಿಗ್ಗೆ ಸಂಜೆ ಕಲಕಬೇಕು. ಮರೆತರೆ ಸತ್ತುಹೋಗುತ್ತದೆ. ನಾವು ಹಾಗೇ ಹೇಳುವುದು, ತೊಟ್ಟಿ ಸತ್ತಿತು ಅಂತ. ವಾಸನೆ ನೋಡಿ, ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿ, ಅದಕ್ಕೆ ಹಸಿವಾಗಿದೆಯೋ ಚಳಿಯಾಗಿದೆಯೋ ನಾನು ಹೇಳಬಲ್ಲೆ. ನೂಲನ್ನು ದೂರದಿಂದ ನೋಡಿದರೆ ಸಾಕು, ಎಷ್ಟು ಸಲ ಅದ್ದಿದ್ದಾರೆ ಅಂತ ಗೊತ್ತಾಗುತ್ತದೆ. ನಲವತ್ತು ವರ್ಷದಿಂದ ನನ್ನ ಕೈ ಮೊಣಕೈವರೆಗೂ ನೀಲಿ. ಮಗನದೂ ಹಾಗೇ, ಸೊಸೆಯದೂ ಹಾಗೇ. ಉಗುರು ಉಜ್ಜಿದರೆ ಸೋಪಿಗೆ ಒಂದಿಷ್ಟು ನೀಲಿ ಬಿಡುತ್ತದೆ, ಪೂರ್ತಿ ಹೋಗಬೇಕಾದರೆ ಬೆಳೆದು ಕತ್ತರಿಸಬೇಕು.

ಮೊಮ್ಮಗಳು ಹುಟ್ಟಿದಾಗ ಎತ್ತಿಕೊಂಡರೆ ಕೈಯಿಂದ ಜಾರುವಷ್ಟು ಮೆತ್ತಗಿದ್ದಳು. ಕಾಲು, ಕತ್ತು ಎಲ್ಲಾ ಸಡಿಲ. ಅದಕ್ಕೇ ಬೆಣ್ಣೆ ಅಂತ ಕರೆದೆವು. ಮೂರನೇ ದಿನ ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. "ಮಗುವಿಗೆ ಡೌನ್ ಸಿಂಡ್ರೋಮ್ ಇರೋ ಹಾಗಿದೆ. ರಕ್ತ ಪರೀಕ್ಷೆಗೆ ಕಳಿಸಿದೀವಿ. ಅದರ ಫಲಿತಾಂಶಕ್ಕೆ ಕಾಯ್ತಾ ಕೂರಬೇಡಿ. ಈ ತಿಂಗಳೊಳಗೇ ಹೃದಯದ ಸ್ಕ್ಯಾನ್ ಮಾಡಿಸಿ, ಎಕೋ ಅಂತಾರೆ. ನಮ್ಮಲ್ಲಿಲ್ಲ, ದೊಡ್ಡಾಸ್ಪತ್ರೆಗೆ ಹೋಗಬೇಕು."

ಚೀಟಿ ಬರೆದುಕೊಟ್ಟರು. ಮಗ ಮೊದಲನೇ ಮಾತಿನ ಮೇಲೆ ಏನನ್ನೂ ಕೇಳಿಸಿಕೊಂಡಿರಲಿಲ್ಲ. ಸೊಸೆ ಮಗುವನ್ನು ಎದೆಗವಚಿಕೊಂಡು ಅಳುತ್ತಿದ್ದಳು. ಚೀಟಿ ತೆಗೆದುಕೊಂಡವಳು ನಾನು.

ಮನೆಗೆ ಬಂದು ಎರಡು ವಾರಕ್ಕೆ, ರಕ್ತ ಪರೀಕ್ಷೆಯಲ್ಲೂ ಡೌನ್ ಸಿಂಡ್ರೋಮ್ ಅಂತಲೇ ಬಂದ ಮೇಲೆ, ತಕ್ಕಡಿ ಅಕ್ಕ ಬಂದಳು. ಆರೋಗ್ಯ ಕೇಂದ್ರದವಳು. ಕೂಸುಗಳನ್ನು ತೂಗುವ ತಕ್ಕಡಿಯನ್ನು ಹೆಗಲಿಗೆ ನೇತುಹಾಕಿಕೊಂಡು ಮನೆಮನೆ ತಿರುಗುತ್ತಾಳಾದ್ದರಿಂದ ಬೀದಿಗೆಲ್ಲ ಅವಳು ತಕ್ಕಡಿ ಅಕ್ಕ. ನನ್ನ ಕಣ್ಣಿಗೆ ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ.

"ಯಾರ ತಪ್ಪಿಂದ ಹೀಗಾಯ್ತಮ್ಮ?" ಅಂತ ನಾನೇ ಶುರುಮಾಡಿದೆ. "ಬಸುರಿ ಹೆಂಗಸು, ತೊಟ್ಟಿ ಹತ್ರ ನಿಲ್ಲಬೇಡ ಅಂದ್ರೂ ಕೇಳ್ಲಿಲ್ಲ ಇವ್ಳು."

ಸೊಸೆ ತಲೆ ತಗ್ಗಿಸಿದಳು. ತಕ್ಕಡಿ ಅಕ್ಕ ಗಳದ ಮೇಲಿದ್ದ ನೂಲಿನ ಲಡಿಯಿಂದ ಒಂದು ಎಳೆ ಎಳೆದು ಬೆರಳಿಗೆ ಸುತ್ತಿಕೊಂಡಳು.

"ಯಾರ ತಪ್ಪೂ ಅಲ್ಲ ಅಜ್ಜಿ. ನಮ್ಮೆಲ್ಲರ ಮೈಯೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿರ್ತವೆ. ಕ್ರೋಮೋಸೋಮ್ ಅಂತಾರೆ. ಇಪ್ಪತ್ಮೂರು ಜೊತೆ. ಬೆಣ್ಣೆಗೆ ಇಪ್ಪತ್ತೊಂದನೇ ಜೊತೇಲಿ ಒಂದೆಳೆ ಜಾಸ್ತಿ. ಗರ್ಭ ನಿಲ್ಲೋ ಹೊತ್ತಿಗೇ ಆಗಿಹೋಗಿರುತ್ತೆ. ತೊಟ್ಟಿ ಹತ್ರ ನಿಂತದ್ದಕ್ಕಲ್ಲ, ತಿಂದಿದ್ದಕ್ಕಲ್ಲ, ಯಾರ ಶಾಪಕ್ಕೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ."

"ವಾಸಿ ಆಗುತ್ತಾ?"

"ಕಾಯಿಲೆ ಆಗಿದ್ರೆ ತಾನೇ ವಾಸಿ ಆಗೋದು? ಅವಳು ಹುಟ್ಟಿರೋದೇ ಹಾಗೆ. ಕಲಿಯೋದು ನಿಧಾನ, ಆದ್ರೆ ಕಲೀತಾಳೆ. ಕೂರ್ತಾಳೆ, ನಡೀತಾಳೆ, ಶಾಲೆಗೆ ಹೋಗ್ತಾಳೆ. ನಿಮ್ಮ ಜೊತೆ ಜಗಳಾನೂ ಆಡ್ತಾಳೆ ನೋಡ್ತಿರಿ. ಎಕೋ ಒಂದು ಮಾಡಿಸಿಬಿಡಿ ಅಜ್ಜಿ. ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಹೆಚ್ಚೂಕಮ್ಮಿ ಅರ್ಧದಷ್ಟು ಮಕ್ಕಳಿಗೆ ಹುಟ್ಟುತ್ತಲೇ ಹೃದಯದ ತೊಂದ್ರೆ ಇರುತ್ತೆ. ಹೊರಗೆ ಕಾಣೋದಿಲ್ಲ. ಚುಚ್ಚೋದಿಲ್ಲ, ಕೊಯ್ಯೋದಿಲ್ಲ, ಎದೆಗೆ ಜೆಲ್ ಸವರಿ ನೋಡ್ತಾರೆ ಅಷ್ಟೇ."

ಅಂಗಳದಲ್ಲಿ ನಾಲ್ಕು ಜನ ಹೆಂಗಸರು ಸೇರಿದ್ದರು. ಕೇಳುವವರಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಕಲಿಯೋದು ನಿಧಾನ ಅಂದ್ರೆ ತಲೇದು ತಾನೇ? ಅದಕ್ಕೆ ಎದೆ ಯಾಕಮ್ಮ ನೋಡ್ಬೇಕು? ಕಾಲು ಉಳುಕಿದ್ರೆ ಕಿವಿಗೆ ಔಷಧಿ ಬಿಡ್ತಾರಾ?"

ಎಲ್ಲರೂ ಬಿದ್ದುಬಿದ್ದು ನಕ್ಕರು. ತಕ್ಕಡಿ ಅಕ್ಕ ಮಾತ್ರ ನಗಲಿಲ್ಲ. ಅವತ್ತು ಗೆದ್ದವಳು ನಾನು.

ಆ ತಿಂಗಳು ನಾವು ಹೊಸ ತೊಟ್ಟಿ ಎಬ್ಬಿಸುತ್ತಿದ್ದೆವು. ದೊಡ್ಡಾಸ್ಪತ್ರೆಗೆ ಹೋಗಿ ಬರುವುದು ಅಂದರೆ ಎರಡು ದಿನದ ಕೆಲಸ. ಮಗ ಹೋದರೆ ಕಲಕುವವರು ಯಾರು? ಸೊಸೆ ಒಬ್ಬಳೇ ಹಸಿ ಬಾಣಂತಿ ಹೇಗೆ ಹೋಗುತ್ತಾಳೆ? "ಅತ್ತೆ, ಆ ಚೀಟಿ" ಅಂತ ಅವಳು ಕೇಳಿದಾಗ "ತೊಟ್ಟಿ ಏಳಲಿ" ಅಂದೆ. ತೊಟ್ಟಿ ಎದ್ದಿತು, ಒಳ್ಳೆ ನೊರೆ ಬಂತು. ಇನ್ನೊಮ್ಮೆ ಕೇಳಿದಾಗ ಮಗನಿಗೆ ಜ್ವರ. ಮತ್ತೊಮ್ಮೆ ಕೇಳುವ ಹೊತ್ತಿಗೆ ಚೀಟಿ ಎಲ್ಲಿಟ್ಟೆ ಅನ್ನುವುದೇ ನನಗೆ ಮರೆತಿತ್ತು. ಹುಡುಕಿದೆ ಅಂತ ಹೇಳಿದೆ. ಹುಡುಕಿರಲಿಲ್ಲ. ಪರೀಕ್ಷೆ ಮಾಡಿಸಿದರೆ ಇನ್ನೊಂದು ಕೊರತೆ ಹೊರಗೆ ಬಂದೀತು, ಬೀದಿಯವರ ಬಾಯಿಗೆ ಇನ್ನೊಂದು ತುತ್ತಾದೀತು ಅನ್ನುವ ಹೆದರಿಕೆ ನನಗಿತ್ತು. ಅದನ್ನು ಯಾರ ಹತ್ತಿರವೂ ಹೇಳಲಿಲ್ಲ. ತೊಟ್ಟಿಯ ಮೇಲೆ ಹಾಕಿದೆ.

ಮಗು ನಾಲ್ಕು ಗುಟುಕು ಹಾಲು ಕುಡಿದು ಸುಸ್ತಾಗಿ ಬಿಟ್ಟುಬಿಡುತ್ತಿತ್ತು. ಕುಡಿಯುವಾಗ ಹಣೆಯ ಮೇಲೆಲ್ಲ ಬೆವರು. ಉಸಿರು ಓಡಿಬಂದವರ ಹಾಗೆ. ತಿಂಗಳಿಗೊಮ್ಮೆ ಕಫ ಕಟ್ಟುತ್ತಿತ್ತು. ಇದೆಲ್ಲ ಹೃದಯ ಕೊಡುತ್ತಿದ್ದ ಸೂಚನೆ ಅಂತ ಈಗ ಗೊತ್ತು. ಆಗ ನನ್ನ ಹತ್ತಿರ ಎಲ್ಲದಕ್ಕೂ ಒಂದೇ ಉತ್ತರವಿತ್ತು: "ಇಂಥ ಮಕ್ಕಳು ಹಾಗೇ." ಕುಡಿಯದಿದ್ದರೆ ಇಂಥ ಮಕ್ಕಳು ಹಾಗೇ. ಅಳದಿದ್ದರೆ ಇಂಥ ಮಕ್ಕಳು ಹಾಗೇ. ತಕ್ಕಡಿ ಅಕ್ಕ ಪ್ರತಿ ಸಲ ತೂಗಿ, ಮುಖ ಸಪ್ಪಗೆ ಮಾಡಿಕೊಂಡು "ತೂಕ ಏರಿಲ್ಲ ಅಜ್ಜಿ, ಎಕೋ ಮಾಡಿಸಿದ್ರಾ?" ಅನ್ನುತ್ತಿದ್ದಳು. "ನಿನ್ನ ತಕ್ಕಡೀಗೇ ಏನೋ ಬಂದಿದೆ, ಮೊದ್ಲು ಅದನ್ನ ತೋರಿಸ್ಕೊಂಡು ಬಾ" ಅನ್ನುತ್ತಿದ್ದೆ.

ಹೀಗಿರುವಾಗ ಹತ್ತು ಹನ್ನೊಂದು ತಿಂಗಳಿಗೆ ಬೆಣ್ಣೆ ತಾನೇ ಹುಷಾರಾದಳು. ಬೆವರು ನಿಂತಿತು. ಹಾಲು ಪೂರ್ತಿ ಕುಡಿಯತೊಡಗಿದಳು. ಕೆನ್ನೆ ತುಂಬಿತು. ನಾನು ಸುಮ್ಮನಿರುವವಳೇ? ಮಗುವನ್ನು ಸೊಂಟಕ್ಕೇರಿಸಿಕೊಂಡು ಬೀದಿ ಪೂರ್ತಿ ಸುತ್ತಿ ಬಂದೆ. ತಕ್ಕಡಿ ಅಕ್ಕ ಎದುರು ಸಿಕ್ಕಳು.

"ನೋಡು, ಯಾವ ಎಕೋನೂ ಇಲ್ಲ, ಗಿಕೋನೂ ಇಲ್ಲ."

ಅವಳು ಮಗುವಿನ ಕೆನ್ನೆ ಸವರಿದಳು. "ತೂಕ ಏರಿರೋದು ಸಂತೋಷ ಅಜ್ಜಿ. ಆದ್ರೂ ಒಂದ್ಸಲ..."

"ನಮ್ಮ ಮನೇಲಿ ಒಂದು ಒಳ್ಳೇದಾದ್ರೆ ನಿನ್ನ ಕಣ್ಣಿಗೆ ಸಹಿಸೋದಿಲ್ಲ ಅಲ್ವಾ? ಇನ್ಮೇಲೆ ನಮ್ಮ ಹೊಸ್ತಿಲು ತುಳೀಬೇಡ."

ನಡುಬೀದಿಯಲ್ಲಿ ಅಂದೆ. ಅವಳ ಕಣ್ಣು ತುಂಬಿತು. ಸ್ವಲ್ಪ ದಿನಕ್ಕೆ ಅವಳಿಗೆ ಬೇರೆ ಕಡೆ ವರ್ಗವಾಯಿತು. ಹೊಸದಾಗಿ ಬಂದವಳು ನನ್ನ ಬಾಯಿಗೆ ಹೆದರಿ ನಮ್ಮ ಮನೆ ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದಳು.

ಬೆಣ್ಣೆ ಎರಡೂವರೆ ವರ್ಷಕ್ಕೆ ನಡೆದಳು. ಅವಳು ಮೊದಲು ಹೇಳಿದ ಮಾತು "ಬೇಡ". ಅದು ನನ್ನಿಂದಲೇ ಕಲಿತದ್ದು. ನಾನು ಕೆಮ್ಮಿದರೆ ನನ್ನ ಹಾಗೇ ಸೊಂಟಕ್ಕೆ ಕೈ ಕೊಟ್ಟು ಕೆಮ್ಮುತ್ತಿದ್ದಳು. ಮಗನ ಚಪ್ಪಲಿ ಹಾಕಿಕೊಂಡು ಬಂದು ತೊಟ್ಟಿಯ ಮುಚ್ಚಳ ತಟ್ಟಿ "ಎದ್ದಿದೆ" ಅಂತ ವರದಿ ಕೊಡುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳು ಬೀದಿಗೆಲ್ಲ ಮುದ್ದಾದಳು. ಲಡಿಗಳಿಗೆ ಗುರುತಿನ ದಾರ ಕಟ್ಟುವುದನ್ನು ಸೊಸೆ ಹೇಳಿಕೊಟ್ಟಳು. ಗಂಟು ಹಾಕುವುದನ್ನು ಕಲಿಯಲು ಆರು ತಿಂಗಳು ಹಿಡಿಯಿತು. ಕಲಿತ ಮೇಲೆ ಅವಳು ಹಾಕಿದ ಗಂಟು ಬಿಚ್ಚಲು ನಮಗೆ ಹಲ್ಲೇ ಬೇಕಿತ್ತು.

ಆದರೆ ನಾಲ್ಕು ಹೆಜ್ಜೆ ನಡೆದು ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. ಸೋಮಾರಿ ಅಂದೆವು. ಕೂಗಿದರೆ ಒಮ್ಮೊಮ್ಮೆ ತಿರುಗಿಯೂ ನೋಡುತ್ತಿರಲಿಲ್ಲ. ಹಠ ಅಂದೆವು. ನಾಲ್ಕು ತುಂಬುವ ಹೊತ್ತಿಗೆ ಅವಳ ಉಗುರು ನೀಲಿಯಾಗತೊಡಗಿತು.

ಬೇರೆ ಯಾವ ಮನೆಯಲ್ಲಾದರೂ ಆಗಿದ್ದರೆ ತಾಯಿ ಹೌಹಾರಿ ಓಡುತ್ತಿದ್ದಳು. ನಮ್ಮ ಮನೆಯಲ್ಲಿ ಯಾರಿಗೆ ಗಾಬರಿ? ಎಲ್ಲರ ಉಗುರೂ ನೀಲಿಯೇ. ದಿನವೆಲ್ಲ ಒದ್ದೆ ನೂಲಿನ ನಡುವೆ ಆಡುವ ಮಗು. ಒಂದು ದಿನ ಅವಳೇ ಬಂದು ನನ್ನ ಕೈ ಪಕ್ಕಕ್ಕೆ ತನ್ನ ಕೈ ಇಟ್ಟು, "ಅಜ್ಜೀ, ನಂದೂ!" ಅಂದಳು. ಮುಖದಲ್ಲಿ ಎಂಥಾ ಹಿಗ್ಗು! "ಬಣ್ಣದ ಮನೆ ಮಗು ಕಣೇ ನೀನು" ಅಂತ ಮುದ್ದಾಡಿದೆ. ಆ ಬೆರಳುಗಳಿಗೆ ಒಂದೊಂದಾಗಿ ಮುತ್ತು ಕೊಟ್ಟೆ.

ಸೊಸೆ ಹಠ ಹಿಡಿದು ಅವಳನ್ನು ಶಾಲೆಗೆ ಸೇರಿಸಿದಳು. ತಿಂಗಳೊಳಗೆ ಟೀಚರು ಹೇಳಿ ಕಳಿಸಿದರು, ಮೆಟ್ಟಿಲು ಹತ್ತಿದರೆ ಮಗುವಿನ ತುಟಿ ಕಪ್ಪಗಾಗುತ್ತೆ, ಡಾಕ್ಟರಿಗೆ ತೋರಿಸಿ ಅಂತ. "ಬಣ್ಣದ ಕೈ ಬಾಯಿಗೆ ಹಾಕ್ಕೋತಾಳೆ, ಅಷ್ಟೇ. ಅವರಿಗೇನು ಗೊತ್ತು ನಮ್ಮ ಕಸುಬು?" ಅಂದವಳೂ ನಾನೇ. ಶಾಲೆ ಬಿಡಿಸಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ. ನನ್ನ ಕಣ್ಣಿಗೆ ಲೋಕದ ನೀಲಿಯೆಲ್ಲ ನನ್ನ ತೊಟ್ಟಿಯದೇ ಆಗಿತ್ತು.

ಬೆಣ್ಣೆಗೆ ಐದು ತುಂಬಿದ ಮೇಲೆ ತಕ್ಕಡಿ ಅಕ್ಕ ಮತ್ತೆ ನಮ್ಮ ಕಡೆಗೆ ವರ್ಗವಾಗಿ ಬಂದಳು. ನಾನು ಹೊಸ್ತಿಲು ತುಳಿಯಬೇಡ ಅಂದಿದ್ದೆನಲ್ಲ, ಅವಳು ಹೊಸ್ತಿಲಾಚೆಯೇ ನಿಂತು "ಅಜ್ಜಿ, ಚೆನ್ನಾಗಿದೀರಾ? ಬೆಣ್ಣೆ ಎಲ್ಲಿ?" ಅಂದಳು. ಬೆಣ್ಣೆ ಒಳಗಿಂದ ಬಂದು, ಗುರುತೇ ಇಲ್ಲದ ಅವಳ ಕೈ ಹಿಡಿದು ಒಳಗೆಳೆದುಕೊಂಡಳು. ಹೊಸ್ತಿಲು ದಾಟುತ್ತಲೇ ಕುಕ್ಕರಿಸಿ ಕೂತು ಉಸಿರೆಳೆದುಕೊಂಡಳು. ತಕ್ಕಡಿ ಅಕ್ಕ ಆ ಪುಟ್ಟ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳ ತುದಿಗಳು ಉಬ್ಬಿದ್ದವು.

"ಅಜ್ಜಿ, ಎಷ್ಟು ದಿನದಿಂದ ಹೀಗಿದೆ?"

"ಬಣ್ಣ ಅದು. ನಮ್ಮನೇಲಿ ಯಾರಿಗಿಲ್ಲ?" ಅಂದೆ. ಅವಳ ಮುಖ ನೋಡಿ ನನಗೆ ಸಿಟ್ಟು ಬಂತು. "ಬೇಕಾದ್ರೆ ತೊಳೆದೇ ತೋರಿಸ್ತೀನಿ ಇರು." ನಾವು ಕೈ ತೊಳೆಯುವ ಒರಟು ಸೋಪು, ಬ್ರಶ್ಶು, ಬಿಸಿನೀರು ತಂದೆ. ಮಗುವನ್ನು ಮೊಣಕಾಲಿನ ನಡುವೆ ಕೂರಿಸಿಕೊಂಡು ಉಗುರು ಉಜ್ಜಿದೆ. ನೊರೆ ಬೆಳ್ಳಗೇ ಇತ್ತು. ಇನ್ನೂ ಜೋರಾಗಿ ಉಜ್ಜಿದೆ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ. ಬಟ್ಟೆಗೆ ಒಂದು ಚುಕ್ಕೆ ಬಣ್ಣವೂ ಹತ್ತಲಿಲ್ಲ. "ಅಜ್ಜೀ, ನೋವು" ಅಂದಳು ಬೆಣ್ಣೆ. ನಾನು ಬಿಡಲಿಲ್ಲ.

ತಕ್ಕಡಿ ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು. "ಬೆಣ್ಣೆ, ಆ ಅನ್ನು ಪುಟ್ಟಾ. ದೊಡ್ಡದಾಗಿ."

ಬೆಣ್ಣೆ ಬಾಯಿ ತೆರೆದಳು.

"ನಾಲಿಗೇನೂ ತೊಟ್ಟಿಗೆ ಅದ್ದಿದೀರಾ ಅಜ್ಜಿ?"

ಆ ಹುಡುಗಿ ಕೊಂಕಾಡಲಿಲ್ಲ. ಮೆಲ್ಲಗೆ, ಅಳು ತಡೆದುಕೊಂಡು ಕೇಳಿದಳು. ನಾನು ಆ ನಾಲಿಗೆ ನೋಡಿದೆ. ನಲವತ್ತು ವರ್ಷ ನೀಲಿಯ ಲೆಕ್ಕ ಹೇಳಿದ ಕಣ್ಣು ಅವತ್ತು ಮೊದಲನೇ ಸಲ ಸರಿಯಾಗಿ ಕಂಡಿತು. ಅದು ನಮ್ಮ ನೀಲಿ ಆಗಿರಲಿಲ್ಲ.

ಮಾರನೇ ದಿನ ಎಲ್ಲರೂ ದೊಡ್ಡಾಸ್ಪತ್ರೆಯಲ್ಲಿದ್ದೆವು. ತೊಟ್ಟಿ ಕಲಕುವವರಿರಲಿಲ್ಲ, ಯಾರೂ ಅದರ ಮಾತೇ ಎತ್ತಲಿಲ್ಲ. ಎಕೋ ಮಾಡುವಾಗ ಜೆಲ್ ತಣ್ಣಗಿದೆ ಅಂತ ಬೆಣ್ಣೆ ಕಿಲಕಿಲ ನಕ್ಕಳು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷವನ್ನು ನಾನು ಐದು ವರ್ಷ ಮುಂದೂಡಿದ್ದೆ.

ಹೃದಯದ ಡಾಕ್ಟರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. "ನಡುಗೋಡೆ ಪೂರ್ತಿ ಮೂಡಿಲ್ಲ ಅಮ್ಮ. ದೊಡ್ಡ ತೂತು."

"ನೂಲಿನ ಮನೆಯವರು ನಾವು, ತೂತು ಅಂದ್ರೆ ಗೊತ್ತು. ಹೊಲೀರಿ ಡಾಕ್ಟ್ರೇ. ಏನು ಬೇಕಾದ್ರೂ ಮಾರ್ತೀವಿ."

"ಐದಾರು ತಿಂಗಳೊಳಗೆ ಬಂದಿದ್ರೆ ಹೊಲೀಬಹುದಿತ್ತು. ಎಷ್ಟೋ ಮಕ್ಕಳಿಗೆ ಮಾಡಿದೀವಿ, ಓಡಾಡ್ಕೊಂಡಿವೆ. ಈಗ ಮುಚ್ಚಿದ್ರೆ ಇವಳ ಹೃದಯ ತಡ್ಕೊಳ್ಳೋಲ್ಲ. ಆಪರೇಷನ್ನೇ ಜೀವ ತೆಗೆಯುತ್ತೆ."

ನಾನು ಅಷ್ಟಕ್ಕೇ ಬಿಡಲಿಲ್ಲ. "ವರ್ಷ ತುಂಬೋ ಹೊತ್ತಿಗೆ ತಾನಾಗೇ ಹುಷಾರಾಗಿದ್ಲಲ್ಲ ಇವ್ಳು? ಬೆವರು ನಿಂತಿತ್ತು, ಮೈ ತುಂಬಿತ್ತು. ನಾನೇ ಕಣ್ಣಾರೆ ನೋಡಿದೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ಹುಷಾರಾದದ್ದಲ್ಲ ಅಮ್ಮ. ತೂತಿನಿಂದ ರಕ್ತ ಶ್ವಾಸಕೋಶಕ್ಕೆ ಜಾಸ್ತಿ ನುಗ್ತಾ ಇತ್ತು, ಅದಕ್ಕೆ ಸುಸ್ತು, ಬೆವರು. ನುಗ್ಗೀ ನುಗ್ಗೀ ಅಲ್ಲಿನ ರಕ್ತನಾಳಗಳು ದಪ್ಪಗಾಗಿ ಬಿಗಿದುಕೊಳ್ತವೆ. ಆಗ ನುಗ್ಗೋದು ಕಮ್ಮಿ ಆಗುತ್ತೆ, ಮಗು ಸುಧಾರಿಸಿದ ಹಾಗೆ ಕಾಣುತ್ತೆ. ಒಂದ್ಸಲ ಪೂರ್ತಿ ಬಿಗಿದ್ರೆ ಮತ್ತೆ ಬಿಡಿಸೋಕಾಗಲ್ಲ. ಆಮೇಲೆ ಆಮ್ಲಜನಕ ಇಲ್ಲದ ರಕ್ತವೇ ಮೈಗೆಲ್ಲ ಹೋಗುತ್ತೆ. ನೀಲಿ ಆಗೋದು ಅದಕ್ಕೆ."

ಬೀದಿಯೆಲ್ಲ ಮೆರೆಸಿದ್ದೆನಲ್ಲ, ಅದು ಆಪರೇಷನ್ನಿನ ಬಾಗಿಲು ಮುಚ್ಚುತ್ತಿದ್ದ ಕಾಲ. ನಮ್ಮ ನೂಲು ತೊಟ್ಟಿಯಿಂದ ಎತ್ತಿದಾಗ ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ನಮ್ಮ ಮಗು ಗಾಳಿ ಸಾಲದೆ ನೀಲಿಯಾಗಿತ್ತು. ನನಗೆ ಎರಡೂ ಒಂದೇ ಆಗಿ ಕಂಡಿತ್ತು.

ಮಗ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಕಾರಿಡಾರಿನ ಬೆಂಚಿನ ಮೇಲೆ ಸೊಸೆ ನನ್ನ ಪಕ್ಕ ಕೂತಳು. ಬೈಯಲಿ ಅಂತ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅತ್ತೆ, ನಾನು ಮೂರು ಸಲ ಚೀಟಿ ಕೇಳಿದ್ದೆ. ನಾಲ್ಕನೇ ಸಲ ಕೇಳಬೇಕಿತ್ತು. ನಿಮಗೆ ಹೆದರಿದೆ" ಅಂದಳು.

ತಪ್ಪು ತನ್ನದು ಅನ್ನುವ ಹಾಗೆ ಹೇಳಿದಳು. ಅದಾದ ಮೇಲೆ ಎಷ್ಟೋ ತಿಂಗಳು ನನ್ನ ಜೊತೆ ಬೇಕಾದ್ದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ನನಗೆ ಆ ಶಿಕ್ಷೆ ಕಮ್ಮಿಯೇ.

ಎಷ್ಟು ದಿನ ಇರುತ್ತಾಳೆ ಅಂತ ಮಗ ಕೇಳಿದ್ದಕ್ಕೆ ಡಾಕ್ಟರು ಹೇಳಿದರು. "ವರ್ಷಗಟ್ಟಲೆ ಇರಬಹುದು. ಎಷ್ಟು ಅಂತ ಹೇಳೋಕಾಗಲ್ಲ. ಮಾತ್ರೆ ತಪ್ಪಿಸಬೇಡಿ, ಮೈಯಲ್ಲಿ ನೀರು ಕಮ್ಮಿ ಆಗದ ಹಾಗೆ ನೋಡ್ಕೊಳ್ಳಿ, ಲಸಿಕೆ ಎಲ್ಲ ಹಾಕಿಸಿ, ಜ್ವರ ಕೆಮ್ಮು ಬಂದ್ರೆ ಕಾಯ್ಬೇಡಿ. ಮತ್ತೆ ಅವಳನ್ನ ಶಾಲೆಗೆ ಕಳಿಸಿ. ಆಯಸ್ಸು ಕಮ್ಮಿ ಅಂತ ಬದುಕು ಕಮ್ಮಿ ಮಾಡಬೇಡಿ." ಅಲ್ಲೇ ಥೈರಾಯ್ಡ್, ಕಣ್ಣು, ಕಿವಿ ಎಲ್ಲ ಪರೀಕ್ಷೆ ಮಾಡಿಸಿದರು. ಡೌನ್ ಸಿಂಡ್ರೋಮ್ ಇರುವವರಿಗೆ ಇವೆಲ್ಲ ಆಗಾಗ ಮಾಡಿಸುತ್ತಲೇ ಇರಬೇಕಂತೆ, ದೊಡ್ಡವರಾದ ಮೇಲೂ. ಬೆಣ್ಣೆಗೆ ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನಾವು ಹಠ ಅಂತ ಬೈದದ್ದೆಲ್ಲ ಆ ಕಿವಿಗೆ.

ಮನೆಗೆ ಬಂದಾಗ ತೊಟ್ಟಿಗಳು ಸತ್ತು ನಾರುತ್ತಿದ್ದವು. ಚೆಲ್ಲಿದೆವು. ತಿಂಗಳಾದ ಮೇಲೆ ಮತ್ತೆ ಕಟ್ಟಿದೆವು, ಹೊಟ್ಟೆ ಕೇಳಬೇಕಲ್ಲ. ತೊಟ್ಟಿ ಸತ್ತರೆ ಇನ್ನೊಂದು ಎಬ್ಬಿಸಬಹುದು.

ಬೆಣ್ಣೆಗೆ ಈಗ ಎಂಟು. ಕಿವಿಗೆ ಮಿಷನ್ ಹಾಕಿದ್ದಾರೆ. ಶಾಲೆಗೆ ಹೋಗುತ್ತಾಳೆ, ಮಗ ಹೊತ್ತುಕೊಂಡು ಹೋಗಿ ಬಿಟ್ಟು ಬರುತ್ತಾನೆ. ಟೀಚರು ಅವಳಿಗೋಸ್ಕರ ಇಡೀ ತರಗತಿಯನ್ನೇ ಕೆಳಗಿನ ಕೋಣೆಗೆ ಇಳಿಸಿದ್ದಾರೆ. ತನ್ನ ಹೆಸರು ಬರೆಯುತ್ತಾಳೆ. ಹೋದ ವರ್ಷ ಅಂಗಳ ದಾಟುತ್ತಿದ್ದಳು, ಈ ವರ್ಷ ಬಾಗಿಲಿನಿಂದ ಗಳದವರೆಗೆ ಬರುವುದೇ ದೊಡ್ಡದು. ನಾನು ಅಳೆಯಬಾರದು ಅಂದುಕೊಳ್ಳುತ್ತೇನೆ, ಕಣ್ಣು ಅಳೆಯುತ್ತದೆ.

ಕಳೆದ ವರ್ಷ ಮೂಲೆಮನೆ ದರ್ಜಿಗೆ ಗಂಡುಮಗುವಾಯಿತು. ಡೌನ್ ಸಿಂಡ್ರೋಮ್ ಅಂದರಂತೆ, ಎಕೋಗೆ ಚೀಟಿ ಕೊಟ್ಟರಂತೆ. ಇಪ್ಪತ್ತು ದಿನವಾದರೂ ಹೋಗಿಲ್ಲ ಅಂತ ತಕ್ಕಡಿ ಅಕ್ಕ ಹೇಳಿದಳು. ನಾನು ಬೆಣ್ಣೆಯನ್ನು ಎತ್ತಿಕೊಂಡೇ ಹೋದೆ. ದರ್ಜಿ ಮಿಷನ್ ತುಳಿಯುತ್ತಾ ಕೂತಿದ್ದ.

"ಯಾಕಪ್ಪ ಹೋಗಿಲ್ಲ?"

"ಹೋಗೋಣ ಅಜ್ಜಿ, ಕೈತುಂಬಾ ಕೆಲಸ. ಅದೂ ಅಲ್ದೆ, ಎಕೋ ಎಲ್ಲ ದಂಡ ಅಂತ ಬೀದಿಗೆಲ್ಲ ಹೇಳ್ತಿದ್ದವರು ನೀವೇ ಅಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಎಲ್ಲಿ ಹೋಗುತ್ತದೆ? ನಾನಾಡಿದ ಮಾತು ಏಳು ವರ್ಷ ಆ ಬೀದಿಯಲ್ಲೇ ಕೂತಿತ್ತು, ಇನ್ನೊಂದು ಕೂಸಿಗೆ ಕಾಯುತ್ತಾ. ನಾನು ಬೆಣ್ಣೆಯ ಕೈಯನ್ನು ಅವನ ಹೊಲಿಗೆ ಮೇಜಿನ ಮೇಲಿಟ್ಟೆ.

"ಬಣ್ಣ ಅಂದಿದ್ದೆ ನಾನು. ಒರೆಸಿ ನೋಡು."

ಅವನು ಬೆರಳಿಗೆ ನೀರು ಮುಟ್ಟಿಸಿಕೊಂಡು ಆ ಉಗುರನ್ನು ಒಂದು ಸಲ ಒರೆಸಿದ. ಎರಡನೇ ಸಲ ಒರೆಸುವುದಕ್ಕೆ ಅವನಿಂದಾಗಲಿಲ್ಲ. ಒಳಗಿಂದ ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. "ನಾಳೆ ಮೊದಲ ಬಸ್ಸಿಗೆ ಹೊರಡ್ತೀವಿ" ಅಂದದ್ದು ಅವಳೇ.

ಆ ಕೂಸಿಗೂ ತೂತಿತ್ತು. ಖರ್ಚಿಗೆ ಆಸ್ಪತ್ರೆಯವರೇ ದಾರಿ ತೋರಿಸಿದರು. ನಾಲ್ಕು ತಿಂಗಳಿಗೆ ಆಪರೇಷನ್ ಆಯಿತು. ಈಗ ಬಟ್ಟೆ ಚೂರುಗಳ ನಡುವೆ ಅಂಬೆಗಾಲಿಡುತ್ತಾ ಅಪ್ಪನ ಕತ್ತರಿಗೆ ಕೈ ಹಾಕುತ್ತದೆ. ತುಟಿ ಕೆಂಪಗಿದೆ. ನನಗೆ ಸಂತೋಷವಾಯಿತು ಅಂದರೆ ಅರ್ಧ ಸುಳ್ಳು. ಆ ಕೆಂಪು ತುಟಿ ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು. ಅದು ನಮ್ಮ ಬೆಣ್ಣೆಗೂ ಆಗಬಹುದಿತ್ತು. ಆಗದ ಹಾಗೆ ಮಾಡಿದವಳು ನಾನು.

ಕೇಳುತ್ತಿರುವ ತಾಯಂದಿರೇ, ಅಪ್ಪಂದಿರೇ, ನನ್ನ ಹಾಗೆ ಬಾಯಿ ದೊಡ್ಡದಿರುವ ಅಜ್ಜಿಯರೇ, ನಿಮ್ಮ ಮನೆಯಲ್ಲಿ ಡೌನ್ ಸಿಂಡ್ರೋಮ್ ಇರುವ ಕೂಸು ಹುಟ್ಟಿದರೆ ಯಾರನ್ನೂ ಬೈಯಬೇಡಿ, ಕೂಸನ್ನು ಬಚ್ಚಿಡಬೇಡಿ. ಮೊದಲ ತಿಂಗಳೊಳಗೆ ಹೃದಯದ ಎಕೋ ಮಾಡಿಸಿ. ಹಾಲು ಕುಡಿಯುವಾಗ ಬೆವರಿದರೆ, ಏದುಸಿರು ಬಿಟ್ಟರೆ, ತೂಕ ಏರದಿದ್ದರೆ ಅದನ್ನು ಕೂಸಿನ ಸ್ವಭಾವ ಅಂತ ತಳ್ಳಿಹಾಕಬೇಡಿ. ತಾನಾಗೇ ಹುಷಾರಾದ ಹಾಗೆ ಕಂಡರೂ ಬಿಡಬೇಡಿ. ತಡವಾಗಿದ್ದರೂ ಹೋಗಿ, ಏನಾಗಬಹುದು ಅಂತ ಹೇಳಬೇಕಾದವರು ಡಾಕ್ಟರು, ನಾನಲ್ಲ, ನಿಮ್ಮ ಬೀದಿಯ ಹೆಂಗಸರಲ್ಲ. ಆಮೇಲೆ ಆ ಮಗುವಿಗೆ ಆಟ, ಶಾಲೆ, ಕೆಲಸ, ಗೆಳೆಯರು ಎಲ್ಲ ಕೊಡಿ. ನಿಧಾನವಾಗಿ ಕಲಿಯುತ್ತದೆ. ಕಲಿಯುವಷ್ಟು ಕಾಲ ಅದಕ್ಕೆ ಸಿಗಲಿ.

ಇಲ್ಲಿ ಕೂತವರಲ್ಲಿ ಅಂಥ ಕೈಗೂಸು ಯಾರ ಮಡಿಲಲ್ಲಾದರೂ ಇದ್ದರೆ ಈಗಲೇ ಎದ್ದು ಹೊರಡಿ, ನನಗೆ ಬೇಸರವಿಲ್ಲ. ಬೆಣ್ಣೆ ಒಳಗಿಂದ ನನ್ನನ್ನು ಕರೆಯುತ್ತಿದ್ದಾಳೆ. ಒಂದು ಮಾತು ಪೂರ್ತಿ ಆಡಲು ಅವಳಿಗೆ ಈಗ ಎರಡು ಸಲ ಉಸಿರು ಬೇಕು. ಅವಳು ಮುಗಿಸುವ ತನಕ ನಾನು ಕಾಯುತ್ತೇನೆ. ನೀವು ಕಾಯಬೇಡಿ.